ಕ್ಯಾನ್ಸರ್, ಉತ್ಪರಿವರ್ತನೆ, ಜನ್ಮದೋಷ: ಮಾಹಿತಿ ಹುಡುಕಿದವರ ಅನುಭವ

ಪ್ರಶ್ನೆ: ನಮ್ಮ ಪ್ರಯೋಗಾಲಯದ ರಾಸಾಯನಿಕಗಳಲ್ಲಿ ಯಾವುವು ಕ್ಯಾನ್ಸರ್ ತರುತ್ತವೆ, ಯಾವುವು ವಂಶವಾಹಿಗಳಲ್ಲಿ ಉತ್ಪರಿವರ್ತನೆ (ಮ್ಯುಟೇಶನ್) ಉಂಟುಮಾಡುತ್ತವೆ, ಯಾವುವು ಗರ್ಭಸ್ಥ ಶಿಶುವಿಗೆ ಕೇಡು ಎಂಬ ಪಟ್ಟಿ ಮಾಡಬೇಕಿದೆ. ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ಅಲ್ಲಗಳೆದಿರುತ್ತಾರೆ. ಗ್ರಂಥಾಲಯದಲ್ಲಿ ಎಲ್ಲಿಂದ ಆರಂಭಿಸಲಿ? ಹುಡುಕಿ ಬಲ್ಲವರು ದಯವಿಟ್ಟು ತಿಳಿಸಿ.

ಗ್ರಂಥಪಾಲಕಿ: ಮೊದಲು ಬಾಟಲಿಯ ಚೀಟಿ ನೋಡಿ ಪ್ರತಿ ವಸ್ತುವಿನ ಸಿಎಎಸ್ ಸಂಖ್ಯೆಯನ್ನು, ಅಂದರೆ ಆ ರಾಸಾಯನಿಕವೊಂದನ್ನೇ ಗುರುತಿಸುವ ನೋಂದಣಿ ಸಂಖ್ಯೆಯನ್ನು, ಬರೆದುಕೊಳ್ಳಿ. ಹೆಸರನ್ನೇ ನೆಚ್ಚಿ ಹೊರಟವರು ದಾರಿ ತಪ್ಪುವುದನ್ನು ನಾನು ಆಗಾಗ ನೋಡುತ್ತೇನೆ. ಫಾರ್ಮಾಲ್ಡಿಹೈಡ್‌ಗೆ ಹಲವು ಹೆಸರುಗಳಿವೆ. 50-00-0 ಎಂದು ಹುಡುಕಿದರೆ ಆ ಗೊಂದಲವೇ ಇರುವುದಿಲ್ಲ. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣವಿರುವ ಗ್ರಂಥಾಲಯದಲ್ಲಿ ವಿಷವಿಜ್ಞಾನ 615.9ರಲ್ಲಿ, ಕ್ಯಾನ್ಸರ್ 616.994ರಲ್ಲಿ ಸಿಗುತ್ತದೆ. ಜನ್ಮದೋಷದ ಪುಸ್ತಕಗಳು ಮಾತ್ರ ಪ್ರಸೂತಿಶಾಸ್ತ್ರ, ಭ್ರೂಣಶಾಸ್ತ್ರ, ಔಷಧಶಾಸ್ತ್ರ ಎಂದು ಬೇರೆ ಬೇರೆ ಕಪಾಟುಗಳಲ್ಲಿ ಚದುರಿರುತ್ತವೆ. ಗ್ರಂಥಸೂಚಿ ನೋಡದೆ ಅವು ಕೈಗೆ ಸಿಗುವುದಿಲ್ಲ. ಹಳೆಯ ಮಾರ್ಗದರ್ಶಿಗಳು ಟಾಕ್ಸ್‌ನೆಟ್ ಎಂಬ ವಿಷವಿಜ್ಞಾನದ ಜಾಲತಾಣ ನೋಡಿ ಎನ್ನುತ್ತವೆ. ಅದು 2019ರ ಡಿಸೆಂಬರ್‌ನಲ್ಲಿ ನಿಂತಿತು. ಅಲ್ಲಿದ್ದ ಅಪಾಯಕಾರಿ ವಸ್ತುಗಳ ವಿವರ ಈಗ ಪಬ್‌ಕೆಮ್ ಎಂಬ ರಾಸಾಯನಿಕಗಳ ಜಾಲತಾಣದಲ್ಲಿದೆ. ಸಂಶೋಧನಾ ಲೇಖನಗಳಿಗೆ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಸೂಚಿಯ ಜಾಲತಾಣ ನೋಡಿ.

ವಿಷವಿಜ್ಞಾನದ ಸಂಶೋಧಕ: ಕ್ಯಾನ್ಸರ್ ವಿಚಾರಕ್ಕೆ ಫ್ರಾನ್ಸಿನ ಲಿಯಾನ್‌ನಲ್ಲಿರುವ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಹೊರತರುವ ಮಾನೋಗ್ರಾಫ್‌ಗಳೆಂಬ ಪರಿಶೀಲನಾ ಸಂಪುಟಗಳನ್ನು ಮೊದಲು ಓದಿ. ಉಚಿತವಾಗಿಯೇ ಸಿಗುತ್ತವೆ. ಆದರೆ ಅದರ ಗುಂಪುಗಳನ್ನು ತಪ್ಪಾಗಿ ಓದುವವರೇ ಹೆಚ್ಚು. ಗುಂಪು 1 (ಕ್ಯಾನ್ಸರ್ ತರುವುದು ಖಚಿತ), 2ಎ (ಬಹುಶಃ ತರುತ್ತದೆ), 2ಬಿ (ತರುವ ಸಾಧ್ಯತೆ ಇದೆ), 3 (ವರ್ಗೀಕರಿಸಲು ಸಾಕ್ಷ್ಯ ಸಾಲದು) ಎಂಬುವು ಸಾಕ್ಷ್ಯ ಎಷ್ಟು ಗಟ್ಟಿ ಎಂದು ಹೇಳುತ್ತವೆ. ಅಪಾಯ ಎಷ್ಟು ದೊಡ್ಡದು ಎಂಬ ಲೆಕ್ಕ ಅಲ್ಲಿಲ್ಲ. ತಂಬಾಕಿನ ಹೊಗೆಯೂ ಸಂಸ್ಕರಿತ ಮಾಂಸವೂ ಗುಂಪು 1ರಲ್ಲಿವೆ ಎಂದ ಮಾತ್ರಕ್ಕೆ ಎರಡೂ ಸಮಾನ ಅಪಾಯಕಾರಿ ಎಂದಾಗುವುದಿಲ್ಲ. ಸಂಪುಟದ ವರ್ಷವನ್ನೂ ತಪ್ಪದೆ ಗುರುತು ಹಾಕಿಕೊಳ್ಳಿ. 1991ರಲ್ಲಿ 2ಬಿಯಲ್ಲಿದ್ದ ಕಾಫಿ, 2016ರ ಮರುಪರಿಶೀಲನೆಯಲ್ಲಿ ಗುಂಪು 3ಕ್ಕೆ ಹೋಯಿತು. ನೀವು ಕಂಡ ಪರಸ್ಪರ ವಿರುದ್ಧ ಹೇಳಿಕೆಗಳಲ್ಲಿ ಕೆಲವು ಹೀಗೆ ಬೇರೆ ಬೇರೆ ವರ್ಷದವು ಇರಬಹುದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಉತ್ಪರಿವರ್ತನೆ ಪತ್ತೆಹಚ್ಚುವ ಏಮ್ಸ್ (Ames) ಪರೀಕ್ಷೆಯಲ್ಲಿ ಋಣಾತ್ಮಕ ಫಲಿತಾಂಶ ಬಂದರೆ ಕ್ಯಾನ್ಸರ್ ಭಯವಿಲ್ಲ ಎಂದುಕೊಳ್ಳಬಹುದೇ?

ವಿಷವಿಜ್ಞಾನದ ಸಂಶೋಧಕ: ಖಂಡಿತ ಬೇಡ. ಬೆಂಜೀನ್ ಏಮ್ಸ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಋಣಾತ್ಮಕ. ಆದರೂ ರಕ್ತದ ಕ್ಯಾನ್ಸರ್ ತರುವುದು ಖಚಿತವಾಗಿ ಅದು ಗುಂಪು 1ರಲ್ಲಿದೆ. ಆ ಪರೀಕ್ಷೆ ನಡೆಯುವುದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಮೇಲೆ. ಅದರ ಫಲಿತಾಂಶದ ಕೋಷ್ಟಕದಲ್ಲಿ ಎಸ್9 ಎಂಬ ಕಾಲಂ ಹುಡುಕಿ: ಯಕೃತ್ತಿನ ಕಿಣ್ವಗಳನ್ನು ಬೆರೆಸಿದಾಗ ಮತ್ತು ಬೆರೆಸದಿದ್ದಾಗ ಬಂದ ಫಲಿತಾಂಶಗಳು ಅಲ್ಲಿರುತ್ತವೆ. ಡಿಎನ್‌ಎಗೆ ಬಣ್ಣ ಹಚ್ಚಲು ಬಳಸುವ ಎಥಿಡಿಯಂ ಬ್ರೋಮೈಡ್ ಉತ್ಪರಿವರ್ತನೆ ತರುತ್ತದೆ ಎಂಬುದು ಎಸ್9, ಅಂದರೆ ಆ ಕಿಣ್ವಗಳನ್ನು, ಬೆರೆಸಿದಾಗಲೇ ಕಾಣುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಮೂರು ಪ್ರಶ್ನೆಗಳಿಗೆ ಮೂರು ಕಾಲಂ ಇರಲಿ. ಒಂದರ ಉತ್ತರವನ್ನು ಇನ್ನೊಂದಕ್ಕೆ ಎಳೆಯಬೇಡಿ.

ಔಷಧಶಾಸ್ತ್ರದ ಅಧ್ಯಾಪಕಿ: ಜನ್ಮದೋಷದ ಬಗ್ಗೆ ಓದುವಾಗ ಪ್ರಯೋಗ ಯಾವ ಪ್ರಾಣಿಯ ಮೇಲೆ, ಎಷ್ಟು ಪ್ರಮಾಣದಲ್ಲಿ, ಗರ್ಭದ ಎಷ್ಟನೆಯ ದಿನ ನಡೆಯಿತು ಎಂದು ನೋಡದೆ ಮುಂದೆ ಹೋಗಬೇಡಿ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ, ಗರ್ಭಿಣಿಯರೂ ಸೇವಿಸಿದ ಥಾಲಿಡೊಮೈಡ್ ಎಂಬ ಔಷಧವನ್ನು 1961ರಲ್ಲಿ ಹಿಂದಕ್ಕೆ ಪಡೆಯುವಷ್ಟರಲ್ಲಿ ಸಾವಿರಾರು ಮಕ್ಕಳ ಕೈಕಾಲುಗಳ ಬೆಳವಣಿಗೆಗೆ ಪೆಟ್ಟು ಬಿದ್ದಿತ್ತು. ಇಲಿಗಳಲ್ಲಿ ಈ ದೋಷ ಸುಲಭವಾಗಿ ಕಾಣಿಸುವುದಿಲ್ಲ, ಮೊಲಗಳಲ್ಲಿ ಕಾಣಿಸುತ್ತದೆ. ಔಷಧಗಳಿಗೆ ಎ, ಬಿ, ಸಿ, ಡಿ, ಎಕ್ಸ್ ಎಂಬ ಗರ್ಭಾವಸ್ಥೆಯ ದರ್ಜೆಗಳನ್ನು ಕೊಟ್ಟಿರುವ ಹಳೆಯ ಪುಸ್ತಕ ಸಿಕ್ಕರೆ ಅದನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಿಂದ ಅಕ್ಷರಗಳನ್ನು ಕೈಬಿಟ್ಟು ವಿವರಣೆಯ ಕ್ರಮ ತಂದಿದೆ. ಇನ್ನೊಂದು ಮಾತು: ಇದನ್ನೆಲ್ಲ ಓದಿದ ಗರ್ಭಿಣಿಯರು ಭಯಬಿದ್ದು ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು.

ಪ್ರಯೋಗಾಲಯದ ಸುರಕ್ಷತಾ ಅಧಿಕಾರಿ: ಪ್ರತಿ ರಾಸಾಯನಿಕದ ಸುರಕ್ಷತಾ ದತ್ತಾಂಶ ಪತ್ರದ ಎರಡನೆಯ ವಿಭಾಗ ತೆರೆಯಿರಿ. ಅಲ್ಲಿ ‘ಎಚ್’ ಅಕ್ಷರದ ಅಪಾಯಸೂಚಕ ಸಂಕೇತಗಳಿರುತ್ತವೆ: ಎಚ್350 ಕ್ಯಾನ್ಸರ್‌ಗೆ, ಎಚ್340 ಆನುವಂಶಿಕ ದೋಷಕ್ಕೆ, ಎಚ್360 ಸಂತಾನಶಕ್ತಿ ಅಥವಾ ಗರ್ಭಸ್ಥ ಶಿಶುವಿನ ಹಾನಿಗೆ ಸಂಬಂಧಿಸಿದ್ದು. ಕೊನೆಯ ಅಂಕಿ 1 ಆಗಿದ್ದರೆ, ಅಂದರೆ 351, 341, 361 ಇದ್ದರೆ, ಶಂಕೆಯ ಹಂತ. ಆಧಾರ ಏನೆಂದು ಹನ್ನೊಂದನೆಯ ವಿಭಾಗದಲ್ಲಿರುತ್ತದೆ. ನಿಮ್ಮಲ್ಲಿ ಗರ್ಭಿಣಿಯರು ಕೆಲಸ ಮಾಡುತ್ತಿದ್ದರೆ ಪಟ್ಟಿ ಮುಗಿಯುವವರೆಗೆ ಕಾಯಬೇಡಿ. ಎಚ್360, ಎಚ್361 ಇರುವ ಬಾಟಲಿಗಳನ್ನು ಅವರ ಕೆಲಸದಿಂದ ಇಂದೇ ದೂರವಿಡಿ.