ಸಹಾಯ ಬೇಕು: ಬೋರ್‌ವೆಲ್ ನೀರಿಗೆ ಹೊಂದುವ ಶಾಂಪೂ ಬಾರ್ ಯಾವುದು?

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ನಮ್ಮ ಬಚ್ಚಲುಮನೆಯ ಪ್ಲಾಸ್ಟಿಕ್ ಕಡಿಮೆ ಮಾಡುತ್ತಿದ್ದೇವೆ. ಬಿದಿರಿನ ಬ್ರಷ್ ಬಂತು (ಅದರ ಎಳೆ ನೈಲಾನ್, ಎಸೆಯುವಾಗ ಕಿತ್ತು ತೆಗೆಯಬೇಕು). ತೊಡಕಾಗಿರುವುದು ತಲೆಸ್ನಾನ.

ನಾವಿರುವುದು ಯಲಹಂಕದಲ್ಲಿ, ಬೋರ್‌ವೆಲ್ ನೀರು, ತುಂಬಾ ಗಡಸು. ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಮಾಡಿದ ಬಾರ್ ಹಚ್ಚಿದರೆ, ಸೋಪು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕೂದಲಿಗೆ ಮೇಣದ ಹಾಗೆ ಅಂಟುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಮೊನ್ನೆ ಮಗಳು ಅತ್ತೇಬಿಟ್ಟಳು.

ಸೋಪಲ್ಲದ, ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ (ತೆಂಗಿನೆಣ್ಣೆಯಿಂದ ಮಾಡುವ, ನೊರೆ ಬರಿಸಿ ಕೊಳೆ ತೆಗೆಯುವ ವಸ್ತು) ಇರುವ ಬಾರ್ ಗಡಸು ನೀರಿಗೂ ಆಗುತ್ತದೆ ಅಲ್ವಾ? ಯಾರಾದರೂ ಬಳಸಿದ್ದೀರಾ? ಕಾಗದದ ಡಬ್ಬಿಯಲ್ಲೇ ಬರಬೇಕು. ಸೀಗೆಕಾಯಿ, ಅಂಟುವಾಳದ ಪುಡಿ ನಮ್ಮಮ್ಮನಿಗೆ ಸರಿ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಮಗಳಿಗೆ ಟೈಮ್ ಸಾಲುವುದಿಲ್ಲ. ಮತ್ತೆ ಸ್ಯಾಶೆ ತರಲು ಮನಸ್ಸೇ ಬರುತ್ತಿಲ್ಲ. ನಿಮ್ಮ ಮನೆಯಲ್ಲಿ ಏನು ಹೊಂದಿತು, ದಯವಿಟ್ಟು ತಿಳಿಸಿ.