ಗಿಟಾರಿನ 'ಬ್ರೇಕಪ್' ದನಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಗಿಟಾರ್ ಕಲಿಯುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸದರ್ನ್ ರಾಕ್ (ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್ ಸಂಗೀತ) ಟೋನಿನ ಭಾಗಕ್ಕೆ ಬಂದಾಗ ಒಂದು ಪದ ಸಿಗದೆ ಕೈ ನಿಂತಿದೆ.

ಆ ಶೈಲಿಯ ಆಲ್ಮನ್ ಬ್ರದರ್ಸ್ ಬ್ಯಾಂಡ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸಿದ್ದನ್ನು ಕೇಳಿ. ಡ್ವೇನ್ ಆಲ್ಮನ್ ಕೈಯಲ್ಲಿ ಗಿಬ್ಸನ್ ಗಿಟಾರ್, ಹಿಂದೆ 50 ವ್ಯಾಟ್‌ನ ಮಾರ್ಷಲ್ ಆಂಪ್ (ಗಿಟಾರಿನ ದನಿ ಹೆಚ್ಚಿಸುವ ಯಂತ್ರ). ಮೆಲ್ಲಗೆ ಮೀಟಿದರೆ ದನಿ ತಿಳಿ. ಒತ್ತಿ ಮೀಟಿದರೆ ಅದೇ ದನಿ ಒರಟಾಗುತ್ತದೆ, ಆದರೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಈ ಗಡಿಯಲ್ಲಿರುವ ದನಿಗೆ ಗಿಟಾರಿನವರು ಬ್ರೇಕಪ್ ಅನ್ನುತ್ತಾರೆ.

ತುಂಬಾ ಜನ ಎಡವುವುದು ಗೇನ್ (ಆಂಪ್‌ನೊಳಗೆ ದನಿಯನ್ನು ಎಷ್ಟು ಬಲಪಡಿಸಬೇಕು ಅನ್ನುವ ಹಿಡಿತ) ಜಾಸ್ತಿ ಮಾಡಿ. ಆ ಕಾಲದ ಮಾರ್ಷಲ್‌ಗಳಲ್ಲಿ ಬೇರೆ ಗೇನ್ ನಾಬೇ ಇರಲಿಲ್ಲ. ವಾಲ್ಯೂಮ್ ಏರಿಸುತ್ತಾ ಹೋದಂತೆ ಒಳಗಿನ ವಾಲ್ವ್‌ಗಳು (ದನಿ ಹೆಚ್ಚಿಸುವ ಗಾಜಿನ ಕೊಳವೆಗಳು) ತಾಳಲಾರದೆ ದನಿಯ ಅಲೆಯ ತುದಿ ಚಪ್ಪಟೆಯಾಗುತ್ತಿತ್ತು. ಒರಟುತನ ಬರುತ್ತಿದ್ದದ್ದು ಹಾಗೆ. ಈಗಿನ ಆಂಪ್‌ನಲ್ಲಾದರೆ ಗೇನ್ ಅರ್ಧಕ್ಕಿಂತ ಕೆಳಗಿರಲಿ, ಮಿಡ್ (ನಡುದನಿ) ಸ್ವಲ್ಪ ಮೇಲಿರಲಿ, ಬಾಸ್ (ತಗ್ಗುದನಿ) ಕಡಿಮೆ ಸಾಕು. ಆಮೇಲೆ ಗಿಟಾರಿನದೇ ವಾಲ್ಯೂಮನ್ನು 10ರಿಂದ 6ಕ್ಕೆ ಇಳಿಸಿ ನೋಡಬೇಕು. ಒರಟು ಕರಗಿ ತಿಳಿ ದನಿ ಬಂದರೆ ಸರಿಯಾಗಿದೆ ಅಂತ ಅರ್ಥ.

ಹೀಗೆ ನಾಬ್ ತಿರುಗಿಸಿ ಬೇಕಾದ ದನಿ ಹಿಡಿಯುವುದಕ್ಕೆ 'ಹದ ಮಾಡು' ಅಂತ ಬರೆದಿದ್ದೇನೆ. 'ಶ್ರುತಿ ಮಾಡು' ಇಲ್ಲಿ ಆಗದು, ಅದು ತಂತಿಯ ಕೆಲಸ ಅಲ್ವಾ?

ತೊಂದರೆ ಇರುವುದು ಬ್ರೇಕಪ್‌ನಲ್ಲೇ. ಹಾಗೇ ಬಿಡೋಣವೆಂದರೆ, ನಮ್ಮ ಮಾತಿನಲ್ಲಿ ಅದು ಪ್ರೀತಿ ಮುರಿದದ್ದಕ್ಕೇ ನಿಂತುಬಿಟ್ಟಿದೆ. 'ಒಡಕು ದನಿ' ಅಂದರೆ ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. 'ಕರ್ಕಶ' ಬೈಗುಳವೇ ಸರಿ. 'ಕಂಚಿನ ಕಂಠ' ಹೊಗಳಿಕೆಯ ಮಾತು, ಆದರೆ ಅದರಲ್ಲಿ ಒರಟಿಲ್ಲ, ಬರೀ ಖಣಖಣ. 'ಗೊಗ್ಗರು ದನಿ' ಎಲ್ಲಕ್ಕಿಂತ ಹತ್ತಿರ ಅನಿಸುತ್ತದೆ. ಆದರೂ ಅದು ಶೀತ ಕಟ್ಟಿದ ಗಂಟಲಿನ ಮಾತು. ಮೇಲಾಗಿ, ಗೊಗ್ಗರು ದನಿ ಯಾವಾಗಲೂ ಗೊಗ್ಗರೇ. ಒತ್ತಿದಾಗ ಮಾತ್ರ ಬಂದು, ಬಿಟ್ಟಾಗ ಹೋಗುವ ಗುಣ ಅದಕ್ಕಿಲ್ಲ.

ನನಗೆ ಬೇಕಿರುವುದು ಒರಟು ದನಿಯನ್ನು ಮೆಚ್ಚಿ ಹೇಳುವ ಪದ. ತತ್ವಪದ, ಲಾವಣಿ, ಡೊಳ್ಳಿನ ಪದ ಹಾಡುವವರ ನಡುವೆ, ಯಕ್ಷಗಾನದ ಭಾಗವತರ ನಡುವೆ ಅಂಥ ಮಾತು ಇದ್ದೀತು ಅಂತ ನನ್ನ ನಂಬಿಕೆ. ಏರುದನಿಯಲ್ಲಿ ಗಂಟಲು ಚೂರು ಒರಟಾದಾಗ ಕೇಳುಗರು ಏನೆಂದು ತಲೆದೂಗುತ್ತಾರೆ? ನಿಮ್ಮ ಕಡೆ ಕೇಳಿದ್ದರೆ ಯಾವ ಊರು, ಯಾವ ವಾಕ್ಯದಲ್ಲಿ ಬಳಸುತ್ತಾರೆ ಅನ್ನುವುದನ್ನೂ ಸೇರಿಸಿ ಬರೆಯಿರಿ.