ಆಸ್ಪತ್ರೆ ಗೇಟಿನವರೆಗೆ ಹೋಗಿ ವಾಪಸ್ ಬರೋರು ಏನು ಮಾಡಿದ್ರಿ, ಹೇಳಿ

ಕೇಳಿದವರು, ಮೈಸೂರು ಹೆಬ್ಬಾಳ:

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಊರು ಶ್ರೀರಂಗಪಟ್ಟಣ ತಾಲ್ಲೂಕು, ಕೆಲಸ ಇಲ್ಲೇ ಹೆಬ್ಬಾಳದ ಫ್ಯಾಕ್ಟರಿಯಲ್ಲಿ. ಕಂಪನಿಯವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಬಿಪಿ 160/100 ಬಂತು. ‘ಫಿಸಿಶಿಯನ್‌ಗೆ ತೋರಿಸಿ’ ಅಂತ ಚೀಟಿ ಬರೆದುಕೊಟ್ಟರು. ಚೀಟಿ ಪರ್ಸಲ್ಲೇ ಇದೆ. ಆ ಫಿನಾಯಿಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ, ಅಂಗೈ ಒದ್ದೆ ಆಗುತ್ತೆ, ಗೇಟಿಂದಲೇ ಗಾಡಿ ತಿರುಗಿಸ್ತೀನಿ. ಅಪ್ಪನಿಗೆ ಎದೆ ಉರಿ, ಗ್ಯಾಸ್ಟ್ರಿಕ್ ಇರಬೇಕು ಅಂತ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ವಿ. ಅವರು ಮನೆಗೆ ವಾಪಸ್ ಬರಲಿಲ್ಲ. ಅಲ್ಲಿಂದ ಹಿಂಗೆ. ‘ಧೈರ್ಯ ತಗೊಳ್ಳಿ’ ಅಂತ ಮಾತ್ರ ಬರೀಬೇಡಿ, ಅದನ್ನ ಮನೇಲಿ ದಿನಾ ಕೇಳ್ತಾ ಇದ್ದೀನಿ. ಇಂಥ ಭಯ ಇದ್ದೋರು ಏನು ಮಾಡಿದ್ರಿ ಅಂತ ಹೇಳಿ.

ಕುವೆಂಪುನಗರದಿಂದ, ಹೈಸ್ಕೂಲ್ ಟೀಚರ್:

ಸರ್, ನನ್ನ ಕಥೆಯೂ ಬಿಪಿಯದ್ದೇ. ಕ್ಲಿನಿಕ್‌ನಲ್ಲಿ ಯಾವಾಗ ನೋಡಿದ್ರೂ 150ರ ಮೇಲೆ, ಮನೇಲಿ 120ರ ಆಸುಪಾಸು. ಇದಕ್ಕೆ ಡಾಕ್ಟರುಗಳು ವೈಟ್ ಕೋಟ್ ಹೈಪರ್‌ಟೆನ್ಶನ್ ಅಂತಾನೇ ಹೆಸರಿಟ್ಟಿದ್ದಾರೆ, ಅಂದ್ರೆ ನಮ್ಮಂಥೋರನ್ನ ಅವರು ದಿನಾ ನೋಡ್ತಾರೆ. ಹಾಗಂತ ‘ಓ, ನಂದೂ ಅದೇ’ ಅಂದ್ಕೊಂಡು ಚೀಟಿ ಹರಿದು ಹಾಕಬೇಡಿ. ಇದರ ಉಲ್ಟಾ ಇರೋರೂ ಇದ್ದಾರೆ: ಕ್ಲಿನಿಕ್‌ನಲ್ಲಿ ಸರಿಯಾಗಿ ತೋರಿಸಿ ಮನೇಲಿ ಜಾಸ್ತಿ ಇರೋರು. ಅಳತೆ ನೋಡದೆ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.

ನಾನು ತೋಳಿಗೆ ಸುತ್ತೋ ಮಿಷನ್ ತಗೊಂಡೆ. ಮಣಿಕಟ್ಟಿಗೆ ಕಟ್ಟೋದು ಬೇಡ, ಅದರಲ್ಲಿ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ನಂಬರ್ ಬದಲಾಗುತ್ತೆ. ಬೆಳಿಗ್ಗೆ ಕಾಫಿಗೆ ಮುಂಚೆ, ಬಾತ್‌ರೂಮಿಗೆ ಹೋಗಿ ಬಂದು, ಬೆನ್ನಿಗೆ ಆಸರೆ ಇರೋ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕೋ ಹಾಗಿಲ್ಲ. ತೋಳು ಟೇಬಲ್ ಮೇಲೆ, ಎದೆ ಮಟ್ಟಕ್ಕೆ. ಮಾತಾಡಬಾರದು. ನಮ್ಮನೇಲಿ ಇದೇ ದೊಡ್ಡ ಕಷ್ಟ, ಸರಿಯಾಗಿ ತೋಳಿನ ಪಟ್ಟಿ, ಅಂದ್ರೆ ಕಫ್, ಉಬ್ಬೋ ಹೊತ್ತಿಗೇ ಅಡುಗೆಮನೆಯಿಂದ ‘ರವೆ ಡಬ್ಬ ಎಲ್ಲಿಟ್ಟಿದ್ದೀಯಾ’ ಅಂತ ಕೂಗು ಬರುತ್ತೆ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಸಂಜೆಗೂ ಇದೇ. ಒಂದು ವಾರ ಬರೆದಿಟ್ಟು, ಮೊದಲ ದಿನದ್ದನ್ನ ಬಿಟ್ಟು ಉಳಿದಿದ್ದರ ಸರಾಸರಿ ತೆಗೀರಿ. ಮನೆಯ ಲೆಕ್ಕದಲ್ಲಿ 135/85 ಮುಟ್ಟಿದ್ರೆ ಜಾಸ್ತಿ ಅಂತ. ಕ್ಲಿನಿಕ್‌ನ ಲೆಕ್ಕ 140/90. ಎರಡೂ ಬೇರೆ ಅನ್ನೋದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಡಾಕ್ಟರ ಎದುರು ಕೂತಾಗ ನನಗೆ ಬಾಯಿ ಒಣಗಿ ಮಾತೇ ಹೊರಡಲ್ಲ. ಪುಸ್ತಕ ತೆಗೆದು ಮುಂದೆ ಇಟ್ಟೆ, ಅಷ್ಟೇ. ಅವರು ಅದನ್ನ ನೋಡಿ 24 ಗಂಟೆ ಬಿಪಿ ಅಳೆಯೋ ಒಂದು ಸಾಧನ ಸೊಂಟಕ್ಕೆ ಕಟ್ಟಿ ಕಳಿಸಿದ್ರು. ಹಗಲು ರಾತ್ರಿ ತಾನಾಗೇ ಕಫ್ ಉಬ್ಬಿ ಇಳಿಯುತ್ತೆ. ಒಂಬತ್ತನೇ ತರಗತಿಗೆ ಪಾಠ ಮಾಡ್ತಾ ಇದ್ದಾಗ ಸೀರೆ ಸೆರಗಿನ ಕೆಳಗಿಂದ ಅದು ‘ಜುಂಯ್’ ಅಂತು, ಹಿಂದಿನ ಬೆಂಚಿನವನು ‘ಮಿಸ್, ನಿಮ್ಮ ಫೋನ್ ವೈಬ್ರೇಟ್ ಆಗ್ತಿದೆ’ ಅಂದ. ಕೊನೆಗೆ ನನಗೆ ಮಾತ್ರೆ ಬೇಕಾಗಲಿಲ್ಲ. ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿ, ಮನೇಲಿ ನೋಡ್ಕೊಳ್ತಾ ಇರಿ, ವರ್ಷಕ್ಕೊಮ್ಮೆ ಬನ್ನಿ ಅಂದ್ರು. ನಿಮಗೆ ಮಾತ್ರೆ ಬೇಕಾದರೂ ಆಗಬಹುದು, ಅದನ್ನ ಅವರು ಹೇಳಲಿ.

ಮದ್ದೂರು ಕಡೆಯಿಂದ:

ಅಣ್ಣಾ, ನಂಗೆ ಡಾಕ್ಟ್ರು ಭಯ ಇಲ್ಲ, ಸೂಜಿ ಭಯಾನೂ ಇಲ್ಲ. ಬಯ್ತಾರಲ್ಲ, ಅದು ಭಯ. ಬೀಡಿ ಬುಟ್ಟಿಲ್ಲ, ಶುಗರ್ ಮಾತ್ರೆ ತಪ್ಪುಸ್ತಾ ಇವ್ನಿ, ಯಾವ ಮಕ ಇಟ್ಕಂಡು ಓಗದು ಅಂತ ಮುಂದಕ್ಕೆ ಹಾಕದೇ ಹಾಕದು. ನಮ್ಮ ಬಾಮೈದ ಒಂದಿನ ಗಾಡಿ ಮೇಲೆ ಕೂರುಸ್ಕಂಡು ಸೀದಾ ಮಂಡ್ಯ ಮಿಮ್ಸ್ ಆಸ್ಪತ್ರೆಗೆ ತಕ್ಕೋದ. ಒಳಕ್ಕೆ ಓದೇಟ್ಗೆ ನಾನೇ ಅಂದ್ಬುಟ್ಟೆ, ‘ಸಾ, ಮಾತ್ರೆ ಸರ್ಯಾಗಿ ನುಂಗಿಲ್ಲ, ಮೊದ್ಲು ಬಯ್ಯದು ಬೈದ್ಬುಡಿ, ಆಮೇಲೆ ನೋಡುವ್ರಿ’ ಅಂತ. ಆ ಹುಡ್ಗ ಡಾಕ್ಟ್ರು ನಕ್ಕಂಡು ‘ಕೂತ್ಕಳಿ ಯಜಮಾನ್ರೇ’ ಅಂದ. ಭಯ ಅಲ್ಲಿಗೇ ಓಯ್ತು.

ಇನ್ನೊಂದು ಇಸ್ಯ. ಬಯ್ತಾರೆ ಅಂತ ಶುಗರ್ ಟೆಸ್ಟ್‌ಗೆ ಮುಂಚೆ ಎರಡು ದಿನ ಮುದ್ದೆ ಅನ್ನ ಬುಟ್ಟು ಓಗೋರು ನಮ್ಮೂರಲ್ಲಿ ಬೇಕಾದಷ್ಟು ಜನ ಅವ್ರೆ. ಈಗ ಎಚ್‌ಬಿಎ1ಸಿ ಅಂತ ಮಾಡ್ತಾರೆ, ಎರಡು ಮೂರು ತಿಂಗ್ಳುದು ಶುಗರ್ ಸರಾಸರಿ ಗೊತ್ತಾಯ್ತದೆ, ಖಾಲಿ ಹೊಟ್ಟೇನೂ ಬ್ಯಾಡ. ಉಪಾಸ ಬಿದ್ದು ಮೋಸ ಮಾಡಕ್ಕಾಗಕಿಲ್ಲ ಕನಣ್ಣ. ಖಾಲಿ ಹೊಟ್ಟೇಲಿ ಬಾ ಅಂತ ಡಾಕ್ಟ್ರು ಅಂದಿಲ್ಲ ಅಂದ್ರೆ ಸುಮ್ನೆ ಉಂಡ್ಕಂಡೇ ಓಗಿ.

ಸರಸ್ವತಿಪುರಂ, ಪಿಜಿ ವಿದ್ಯಾರ್ಥಿನಿ:

ನನ್ನದು ಬೇರೆ ಜಾತಿ ಭಯ, ಇಲ್ಲಿ ಇನ್ಯಾರಿಗಾದರೂ ಇರಬಹುದು ಅಂತ ಬರೀತಿದ್ದೀನಿ. ರಕ್ತ ತೆಗೆಯೋದು ನೋಡಿದ್ರೆ ಮೊದಲು ಎದೆ ಹೊಡ್ಕೊಳ್ಳುತ್ತೆ, ಆಮೇಲೆ ಬಿಪಿ ಧಡಕ್ಕಂತ ಇಳಿದು ಕಣ್ಣು ಕತ್ತಲೆ ಬಂದು ಬೀಳ್ತೀನಿ. ಒಂದು ಲ್ಯಾಬಿನಲ್ಲಿ ನಾನು ಬಿದ್ದಾಗ ಅಲ್ಲಿದ್ದವರು ‘ಬೆಳಿಗ್ಗೆ ತಿಂಡಿ ತಿಂದಿಲ್ವಾ’ ಅಂತ ರೇಗಿದ್ದು ಬಿಟ್ಟರೆ ಏನೂ ಹೇಳಲಿಲ್ಲ. ಎಲ್ಲರೂ ‘ಜೋರಾಗಿ ಉಸಿರೆಳೆದು ರಿಲ್ಯಾಕ್ಸ್ ಆಗು’ ಅಂತಿದ್ರು. ಬೀಳೋ ಜಾತಿಯವರಿಗೆ ರಿಲ್ಯಾಕ್ಸ್ ಆಗೋದು ಸರಿಯಾದ ಮದ್ದಲ್ಲ, ಇಳಿತಿರೋ ಬಿಪಿಯನ್ನ ಏರಿಸಬೇಕು.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರನ್ ಓಸ್ಟ್ ಅನ್ನೋರು 1980ರ ದಶಕದಲ್ಲೇ ಇದಕ್ಕೊಂದು ಉಪಾಯ ರೂಪಿಸಿದ್ದಾರೆ, ನನಗೆ ಕೌನ್ಸೆಲರ್ ಮೇಡಂ ಹೇಳಿಕೊಟ್ಟರು. ಕೂತಲ್ಲೇ ತೋಳು, ತೊಡೆ, ಹೊಟ್ಟೆಯ ಸ್ನಾಯುಗಳನ್ನ ಬಿಗಿ ಹಿಡೀಬೇಕು, ಹತ್ತು ಹದಿನೈದು ಸೆಕೆಂಡ್, ಮುಖ ಬೆಚ್ಚಗಾಗೋವರೆಗೆ. ಆಮೇಲೆ ಪೂರ್ತಿ ಸಡಿಲ ಬಿಡದೆ ಮಾಮೂಲಿಗೆ ಬಂದು, ಇಪ್ಪತ್ತು ಮೂವತ್ತು ಸೆಕೆಂಡ್ ಬಿಟ್ಟು ಮತ್ತೆ. ಐದು ಸಲ. ಮನೇಲಿ ದಿನಾ ಅಭ್ಯಾಸ ಮಾಡಿ. ರಕ್ತ ತೆಗೆಯೋ ಕೈಯನ್ನ ಮಾತ್ರ ಸಡಿಲವಾಗೇ ಇಡಬೇಕು, ಇಲ್ಲದಿದ್ರೆ ನೋವು ಜಾಸ್ತಿ. ‘ನನಗೆ ತಲೆ ಸುತ್ತುತ್ತೆ, ಮಲಗಿಸಿ ತೆಗೀರಿ’ ಅಂದ್ರೆ ಯಾವ ಲ್ಯಾಬಿನವರೂ ಇಲ್ಲ ಅನ್ನಲ್ಲ. ಬಿಪಿ ಜಾಸ್ತಿ ಇರೋರು ಈ ಬಿಗಿ ಹಿಡಿಯೋದನ್ನ ಡಾಕ್ಟರನ್ನ ಕೇಳದೆ ಮಾಡಬೇಡಿ. ಕೇಳಿರೋ ಸರ್ ನೀವೂ ಅಷ್ಟೇ, ಇದು ನಿಮಗಲ್ಲ.

ನಂಜನಗೂಡು ರಸ್ತೆ ಕಡೆಯವರು:

ಜೊತೆಗೆ ಯಾರನ್ನ ಕರ್ಕೊಂಡು ಹೋಗ್ತೀರಿ ನೋಡ್ಕೊಳ್ಳಿ. ನಮ್ಮ ಚಿಕ್ಕಮ್ಮ ಬಂದ್ರೆ ಟೋಕನ್ ತಗೊಳ್ಳೋಷ್ಟರಲ್ಲಿ ಯಾರ‍್ಯಾರು ಯಾವ ಕಾಯಿಲೆಯಲ್ಲಿ ಹೋದ್ರು ಅನ್ನೋ ಪಟ್ಟಿ ಮುಗಿದಿರುತ್ತೆ. ಮಾತು ಕಮ್ಮಿ ಆಡೋ ಗೆಳೆಯ ಒಬ್ಬ ಇದ್ರೆ ಸಾಕು.

ನಿವೃತ್ತ ಸ್ಟಾಫ್ ನರ್ಸ್, ಮೈಸೂರು:

ಸರ್ಕಾರಿ ಆಸ್ಪತ್ರೆಗಳಲ್ಲೇ ಸರ್ವೀಸ್ ಮುಗಿಸಿದೋಳು ನಾನು. ಕೌಂಟರಿನ ಈಚೆ ಬದಿಯಿಂದ ಎರಡು ಮಾತು ಹೇಳ್ತೀನಪ್ಪಾ.

ಭಯ ಇದೆ ಅಂತ ಮೊದಲೇ ಹೇಳಿಬಿಡಿ, ಬಿಪಿ ನೋಡೋ ಸಿಸ್ಟರಿಗೇ ಹೇಳಿ. ಬಾಯಲ್ಲಿ ಬರದಿದ್ರೆ ಚೀಟಿಯಲ್ಲಿ ಬರೆದು ಕೊಡಿ. ಹೇಳಿದ್ರೆ ನಾವು ಸ್ವಲ್ಪ ಹೊತ್ತು ಕೂರಿಸಿ ನೋಡ್ತೀವಿ, ಇಲ್ಲ ಕೊನೇಲಿ ಇನ್ನೊಂದು ಸಲ ನೋಡ್ತೀವಿ. ಹೇಳದಿದ್ರೆ ಮೆಟ್ಟಿಲು ಹತ್ತಿ ಬಂದೋರ ಕೈಗೆ ಹಾಗೇ ಕಫ್ ಸುತ್ತಿ ಬಂದ ನಂಬರ್ ಬರೆದುಬಿಡ್ತೀವಿ. ಸಾಲು ಅಷ್ಟು ಉದ್ದ ಇರುತ್ತೆ, ಏನ್ಮಾಡೋದು. ಸೋಮವಾರ ಮತ್ತು ಹಬ್ಬದ ಮಾರನೇ ದಿನ ದೊಡ್ಡಾಸ್ಪತ್ರೆ ಓಪಿಡಿಗೆ ಬರಬೇಡಿ. ಆ ನೂಕುನುಗ್ಗಲು ಭಯ ಇಲ್ಲದೋರಿಗೂ ಭಯ ಹುಟ್ಟಿಸುತ್ತೆ.

ಗೇಟಿಂದ ವಾಪಸ್ ಹೋಗೋ ವಿಷಯ. ಭಯ ನೆತ್ತಿಗೇರಿದ ಹೊತ್ತಲ್ಲೇ ತಿರುಗಿ ಹೋದ್ರೆ, ಹೋದ ಕೂಡಲೇ ಹಾಯ್ ಅನ್ಸುತ್ತೆ. ಆ ಹಾಯ್ ಅನ್ನಿಸೋದೇ ಮುಂದಿನ ಸಲಕ್ಕೆ ಭಯಾನ ಗಟ್ಟಿ ಮಾಡೋದು. ಅದಕ್ಕೆ ಏನೂ ತೋರಿಸೋ ಉದ್ದೇಶ ಇಲ್ಲದೇನೇ ಒಂದು ದಿನ ಬನ್ನಿ. ಹೊರಗಿನ ಕಲ್ಲುಬೆಂಚಿನ ಮೇಲೆ ಕೂತ್ಕೊಳ್ಳಿ, ಎದೆ ಹೊಡ್ಕೊಳ್ಳಲಿ, ಅದಾಗೇ ಇಳಿಯೋವರೆಗೆ ಕೂತಿರಿ. ಇಳಿದೇ ಇಳಿಯುತ್ತೆ. ಇನ್ನೊಂದು ದಿನ ಓಪಿಡಿ ಒಳಗಿನ ಬೆಂಚು. ಮತ್ತೊಂದು ದಿನ ಬರೀ ಬಿಪಿ ನೋಡಿಸಿಕೊಂಡು ಹೋಗಿ. ನಿಮ್ಮಂಥೋರನ್ನ ನಾನು ಹೀಗೇ ಒಳಗೆ ಕರ್ಕೊಂಡಿದ್ದೀನಿ.

ಇನ್ನು ಅಪ್ಪನ ವಿಷಯ ಬರೆದಿದ್ದೀರಿ. ಅದೇ ಆಸ್ಪತ್ರೆಗೆ ಹೋಗಬೇಕು ಅಂತ ಯಾವ ಕಾನೂನೂ ಇಲ್ಲ. ಬೇರೆ ಕಟ್ಟಡ, ಬೇರೆ ರಸ್ತೆ, ಮನೆ ಹತ್ರದ ಸಣ್ಣ ಕ್ಲಿನಿಕ್, ಯಾವುದಾದರೂ ಆಗುತ್ತೆ. ಒಂದು ಕೇಳ್ತೀನಿ, ಬೇಜಾರಾಗಬೇಡಿ: ಅಪ್ಪನಿಗೆ ಆಗಿದ್ದು ಹಾರ್ಟ್ ಅಟ್ಯಾಕಾ? ಎಷ್ಟು ವಯಸ್ಸಾಗಿತ್ತು?

ಕೇಳಿದವರು:

ಹೌದು ಸಿಸ್ಟರ್, ಹಾರ್ಟ್ ಅಟ್ಯಾಕ್. 52. ಟೀಚರ್ ಮೇಡಂ ಹೇಳಿದ ಹಾಗೆ ಒಂದು ವಾರ ಮನೇಲಿ ನೋಡ್ಕೊಂಡು ಆಮೇಲೆ ಹೋದ್ರೆ ಪರವಾಗಿಲ್ವಾ? ನಡುವೆ ಏನಾದ್ರೂ ಆದ್ರೆ ಅನ್ನೋದು ಈಗ ಹೊಸ ಭಯ. ಫ್ರೆಂಡ್ ಒಬ್ಬ ಎದೆ ಬಡಿತಕ್ಕೆ ಅಂತ ಪ್ರೊಪ್ರನೊಲಾಲ್ ತಗೊಳ್ತಾನೆ, ಒಂದು ಸ್ಟ್ರಿಪ್ ಕೊಡ್ತೀನಿ ಅಂತಿದ್ದಾನೆ.

ನಿವೃತ್ತ ಸ್ಟಾಫ್ ನರ್ಸ್:

ಅದನ್ನ ಮುಟ್ಟಬೇಡಿ. ಉಬ್ಬಸ ಇರೋರಿಗೆ ಅದು ಅಪಾಯ, ನಾಡಿ ನಿಧಾನ ಇರೋರಿಗೂ ಅಪಾಯ. ಫ್ರೆಂಡಿನ ಮಾತ್ರೆ ಫ್ರೆಂಡಿಗೇ.

ಅಪ್ಪನಿಗೆ 55ರ ಒಳಗೆ ಹೃದಯದ ತೊಂದರೆ ಬಂದಿದ್ರೆ ಮಗನ ವಿಷಯದಲ್ಲಿ ಡಾಕ್ಟರ್ ಅದನ್ನ ಬೇರೆಯಾಗೇ ತೂಗ್ತಾರೆ. ಕೊಲೆಸ್ಟ್ರಾಲ್, ಶುಗರ್, ಇಸಿಜಿ ನೋಡಿಸಬಹುದು. ಯಾವ ನೆನಪು ನಿಮ್ಮನ್ನ ಗೇಟಿಂದ ವಾಪಸ್ ಕಳಿಸ್ತಿದೆಯೋ, ಡಾಕ್ಟರಿಗೆ ಮೊದಲು ಹೇಳಬೇಕಾದ್ದೂ ಅದನ್ನೇ. ಅಪಾಯಿಂಟ್‌ಮೆಂಟ್ ಈವತ್ತೇ ತಗೊಳ್ಳಿ, ಅದು ಸಿಗೋವರೆಗಿನ ದಿನಗಳಲ್ಲಿ ಬಿಪಿ ಬರೆದಿಡಿ. ‘ಬರೆದು ಆದ ಮೇಲೆ ನೋಡೋಣ’ ಅಂದ್ರೆ ಚೀಟಿ ಇನ್ನೂ ಆರು ತಿಂಗಳು ಪರ್ಸಲ್ಲೇ ಇರುತ್ತೆ.

ನಡುವೆ ನಂಬರ್ 180/120 ದಾಟಿದ್ರೆ ಗಾಬರಿ ಬೀಳದೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಹಾಗೇ ಇದ್ರೆ ಅವತ್ತೇ ಡಾಕ್ಟರನ್ನ ಕಾಣಿ. ಜೊತೆಗೆ ಎದೆ ನೋವು, ಉಸಿರಾಟ ಕಷ್ಟ, ಒಂದು ಕಡೆ ಕೈಕಾಲು ಸೋಲು, ಮಾತು ತೊದಲೋದು, ಕಣ್ಣು ಮಂಜಾಗೋದು, ಇದರಲ್ಲಿ ಒಂದಿದ್ರೂ 108. ನಂಬರ್ ಎಷ್ಟೇ ಇರಲಿ, ಎದೆ ಹಿಂಡಿದ ಹಾಗಾಗಿ ಬೆವರು ಕಿತ್ಕೊಂಡು ಬಂದ್ರೆ ಸೋಡ ಕುಡಿದು ‘ಗ್ಯಾಸ್’ ಅಂತ ಕೂರೋ ಹಾಗಿಲ್ಲ, ಇದು ಭಯವಾ ಹೃದಯವಾ ಅಂತ ಮನೇಲಿ ಕೂತು ಲೆಕ್ಕ ಹಾಕೋ ಹಾಗೂ ಇಲ್ಲ.

ಪಾಂಡವಪುರದಿಂದ:

ಭಯದ ಬಗ್ಗೆಯೇ ಒಂದು ಮಾತು. ಆಸ್ಪತ್ರೆ ಭಯಕ್ಕೆ ಮನೋವೈದ್ಯರನ್ನ ನೋಡಿ ಅಂತಾರೆ, ಅದಕ್ಕೂ ಆಸ್ಪತ್ರೆಗೇ ಹೋಗಬೇಕಲ್ಲ! ನಾನು ಆ ಸುಳಿಯಲ್ಲೇ ಬಹಳ ದಿನ ಇದ್ದೆ. ಆಮೇಲೆ ಗೊತ್ತಾಗಿದ್ದು ಟೆಲಿ ಮನಸ್, ಮನಸ್ಸಿನ ತೊಂದರೆಗೆ ಫೋನಲ್ಲೇ ಸಹಾಯ ಮಾಡೋ ಸೇವೆ. 2022ರ ಅಕ್ಟೋಬರ್ 10ಕ್ಕೆ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಂಬರ್ 14416. ಯಾವ ಹೊತ್ತಲ್ಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡ ಆರಿಸಿಕೊಂಡ್ರೆ ಕನ್ನಡದಲ್ಲೇ ಮಾತಾಡ್ತಾರೆ. ರಾತ್ರಿ ಊಟ ಆದ್ಮೇಲೆ ಜಗಲಿ ಮೇಲೆ ಕೂತು ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬುದ್ಧಿವಾದ ಹೇಳಲಿಲ್ಲ. ‘ಆಸ್ಪತ್ರೆ ಅಂದ ತಕ್ಷಣ ಕಣ್ಣ ಮುಂದೆ ಯಾವ ಚಿತ್ರ ಬರುತ್ತೆ’ ಅಂತ ಕೇಳಿದ್ಲು. ನನಗೆ ಬರೋದು ಐಸಿಯು ಬಾಗಿಲು, ಅದರ ಮುಂದೆ ಜೋಡಿಸಿಟ್ಟ ಚಪ್ಪಲಿಗಳು. ಅದನ್ನ ಯಾರಿಗೂ ಹೇಳಿರಲಿಲ್ಲ. ಹೇಳಿದ್ಮೇಲೆ, ಈಗ ಬಿಪಿ ನೋಡಿಸೋಕೆ ಹೋದ್ರೆ ಆ ಬಾಗಿಲ ಹತ್ರ ಹೋಗೋದೇ ಇಲ್ಲವಲ್ಲ ಅಂತ ನನಗೇ ಹೊಳೀತು.

ನಮ್ಮ ಕಡೆ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋ ‘ಮನೋಚೈತನ್ಯ’ ಅಂತ ಕಾರ್ಯಕ್ರಮವೂ ಇದೆ, ಮಂಗಳವಾರದ ಕ್ಲಿನಿಕ್. ನಿಮ್ಮ ಶ್ರೀರಂಗಪಟ್ಟಣದಲ್ಲಿ ಈಗ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿ.

ಹೆಸರು ಬೇಡ ಅಂದವರು:

ಯೂಟ್ಯೂಬ್‌ನಲ್ಲಿ ಲಕ್ಷಣ ಹುಡುಕೋದು ನಿಲ್ಲಿಸಿ. ನಾನು ತಲೆನೋವಿಂದ ಶುರು ಮಾಡಿ ಬೆಳಗಿನ ಜಾವ ಎರಡು ಗಂಟೆಗೆ ಬ್ರೈನ್ ಟ್ಯೂಮರ್‌ವರೆಗೆ ಹೋಗಿ ಬಂದೋನು. ಕನ್ನಡಕದ ಪವರ್ ಬದಲಾಗಿತ್ತು, ಅಷ್ಟೇ.

ಕೇಳಿದವರು:

ಎಲ್ಲರದ್ದೂ ಓದಿದೆ. ಗೋಕುಲಂನಲ್ಲಿ ಒಂದು ಸಣ್ಣ ಕ್ಲಿನಿಕ್ ಇದೆ, ಅಪ್ಪನ್ನ ಸೇರಿಸಿದ ಆಸ್ಪತ್ರೆ ದಾರಿಯಲ್ಲಿ ಬರೋದೇ ಇಲ್ಲ. ಗುರುವಾರ ಸಂಜೆಗೆ ಹೆಸರು ಬರೆಸಿದ್ದೀನಿ. ಮಾತು ಕಮ್ಮಿ ಆಡೋ ಗೆಳೆಯ ಸಿಕ್ಕಿಲ್ಲ, ತಮ್ಮ ಬರ್ತಾನೆ, ಅವನು ಹೇಗಿದ್ರೂ ಫೋನ್ ನೋಡ್ತಾ ಕೂತಿರ್ತಾನೆ. ಟೀಚರ್ ಮೇಡಂ, ಮಿಷನ್ ತಗೊಳ್ಳೋಕೆ ಮೆಡಿಕಲ್ ಸ್ಟೋರಿಗೆ ಹೋದ್ರೆ ಕಫ್ ಸೈಜ್ ಕೇಳಿದ್ರು. ನನ್ನ ತೋಳು ಸ್ವಲ್ಪ ದಪ್ಪ.

ಕುವೆಂಪುನಗರದ ಟೀಚರ್:

ಭುಜಕ್ಕೂ ಮೊಣಕೈಗೂ ಮಧ್ಯೆ ಟೇಪ್ ಸುತ್ತಿ ನೋಡಿ ಸರ್. ಸಾಮಾನ್ಯವಾಗಿ ಬರೋ ಕಫ್ 22ರಿಂದ 32 ಸೆಂಟಿಮೀಟರ್‌ನವರಿಗೆ. ಅದಕ್ಕಿಂತ ಜಾಸ್ತಿ ಇದ್ರೆ ದೊಡ್ಡ ಕಫ್ ಕೇಳಿ ತಗೊಳ್ಳಿ, ಚಿಕ್ಕದು ಬಿಗಿದ್ರೆ ಇಲ್ಲದ ಬಿಪಿಯನ್ನೂ ತೋರಿಸುತ್ತೆ. ಗುರುವಾರ ಮಿಷನ್ನೂ ತಗೊಂಡು ಹೋಗಿ, ಅವರದ್ದರ ಪಕ್ಕದಲ್ಲಿಟ್ಟು ಎರಡೂ ಒಂದೇ ತೋರಿಸುತ್ತಾ ಅಂತ ನೋಡಿಸಿಕೊಳ್ಳಿ.